ಬಯಲಾಟದ ಭಾಗವತ: ಹೊನ್ನಾವರ-ಕುಮಟಾ ಸೀಮೆಯ ಮೇಳಗಳಲ್ಲಿ ಹಾಡಿನ ಅಧಿಕಾರ

೧

ಅಘನಾಶಿನಿಯ ದಕ್ಷಿಣಕ್ಕೆ ಕುಮಟೆಯ ಸಮೀಪದಲ್ಲಿರುವ ಬಾಡ ಗ್ರಾಮದಿಂದ ಮೊದಲುಗೊಂಡು, ಶರಾವತಿಯನ್ನು ದಾಟಿ ಭಟ್ಕಳದವರೆಗೆ ಹಬ್ಬಿರುವ ಕಡಲ ತಡಿಯ ನಾಡು ವಿಸ್ತಾರದಲ್ಲಿ ಬಹು ಕಿರಿದು. ಪಡುವಲಲ್ಲಿ ಸಮುದ್ರವೂ ಮೂಡಲಲ್ಲಿ ಘಟ್ಟವೂ ಅದನ್ನು ಒತ್ತಿ ಹಿಡಿದಿವೆ. ಆದರೆ ಯಕ್ಷಗಾನ ಬಯಲಾಟದ ಇತಿಹಾಸದಲ್ಲಿ ಈ ಕಿರುನಾಡಿಗೆ ಸಲ್ಲುವ ಸ್ಥಾನವು ಹಿರಿದಾದುದು. ಕರ್ಕಿ, ಕಡತೋಕಾ, ಗುಣವಂತೆ, ಇಡಗುಂಜಿ, ಚಿಟ್ಟಾಣಿ ಎಂಬ ಹೊನ್ನಾವರ ತಾಲ್ಲೂಕಿನ ಊರುಗಳನ್ನು ಭೂಪಟದಲ್ಲಿ ಹುಡುಕುವುದು ಪ್ರಯಾಸವಾದರೂ, ಆಟವನ್ನು ಬಲ್ಲವರ ನಾಲಗೆಯ ಮೇಲೆ ಅವು ಎಂದಿನಿಂದಲೋ ನೆಲಸಿವೆ. ಈ ಸೀಮೆಯ ಸಂಪ್ರದಾಯವನ್ನು ವಿದ್ವಾಂಸರು ಬಡಗುತಿಟ್ಟಿನ ಒಂದು ಪ್ರಭೇದವೆಂದೆಣಿಸಿ ‘ಬಡಾಬಡಗು’ ಎಂದು ಕರೆಯುವುದುಂಟು.

ಇಲ್ಲಿಯ ಮೇಳಗಳ ವಿಷಯವಾಗಿ ಬರೆದವರು ಹೆಚ್ಚಾಗಿ ವೇಷಧಾರಿಗಳ ಅಭಿನಯವನ್ನೇ ಕೊಂಡಾಡಿದ್ದಾರೆ. ೧೯೩೪ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದ ಕೆರೆಮನೆ ಶಿವರಾಮ ಹೆಗಡೆಯವರು, ಅವರ ಬಳಿಕ ಪ್ರಸಿದ್ಧರಾದ ಶಂಭು ಹೆಗಡೆ, ಮಹಾಬಲ ಹೆಗಡೆಯವರು, ೨೦೧೨ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು, ಇವರೆಲ್ಲರೂ ಮೊದಲಾಗಿ ವೇಷಧಾರಿಗಳೇ. ಅವರಿಗೆ ಸಂದ ಗೌರವವು ಯುಕ್ತವಾದುದರಲ್ಲಿ ಸಂದೇಹವಿಲ್ಲ. ಆದರೂ ಆಟದ ರಚನೆಯನ್ನು ಕುರಿತು ವಿಚಾರ ಮಾಡುವವನಿಗೆ ಒಂದು ಪ್ರಶ್ನೆ ಎದುರಾಗದೆ ಇರದು. ನಟರು ತಮ್ಮ ತಮ್ಮ ಪಾತ್ರವನ್ನು ಹೊಕ್ಕು ಬಾಯಿಪಾಠವಿಲ್ಲದೆ ಆಗಿಂದಾಗ್ಗೆ ಮಾತನ್ನು ಕಟ್ಟುವ ಈ ಆಟದಲ್ಲಿ, ಅವರ ಹಿಂದೆ ತಾಳವನ್ನು ಹಿಡಿದು ಇರುಳೆಲ್ಲ ಹಾಡುವ ಭಾಗವತನ ಅಧಿಕಾರವೇನು? ಅವನ ಹಾಡು ಆಟಕ್ಕೆ ತೊಡಿಸಿದ ಒಡವೆಯೋ, ಆಟವನ್ನು ನಿಲ್ಲಿಸಿದ ಬೆನ್ನೆಲುಬೋ?

ಇದನ್ನು ನಿರ್ಣಯಿಸಲು ಕೇವಲ ರುಚಿಯನ್ನು ನೆಚ್ಚಬೇಕಾಗಿಲ್ಲ. ಇತಿಹಾಸವೇ ಕೆಲವು ಪ್ರಯೋಗಗಳನ್ನು ಮಾಡಿಟ್ಟಿದೆ. ಒಂದು ಕಡೆ ಆಟದಿಂದ ವೇಷವನ್ನು ಕಳೆದರು; ಇನ್ನೊಂದು ಕಡೆ ಮಾತನ್ನು ಕಳೆದರು; ಮತ್ತೊಂದು ಕಡೆ ಭಾಗವತನನ್ನೇ ಕಳೆದರು. ಇತ್ತೀಚೆಗೆ ಎದುರಿನ ಸಭೆಯನ್ನೂ ಕಳೆದುದುಂಟು. ಯಾವುದನ್ನು ಕಳೆದಾಗ ಆಟವು ಆಟವಾಗಿ ಉಳಿಯಿತು, ಯಾವುದನ್ನು ಕಳೆದಾಗ ಬೇರೊಂದಾಯಿತು ಎಂಬುದನ್ನು ನೋಡಿದರೆ ಉತ್ತರವು ತಾನಾಗಿ ದೊರೆಯುತ್ತದೆ.

೨

ಮೊದಲು ಆಟದ ಕಟ್ಟಡವನ್ನು ಪರಿಶೀಲಿಸಬೇಕು. ಬಯಲಾಟದ ಸಾಹಿತ್ಯಕ್ಕೆ ಪ್ರಸಂಗವೆಂದು ಹೆಸರು. ಓಲೆಗರಿಗಳಲ್ಲಿ ಬಂದ ಪ್ರಸಂಗಗಳು ಮುಂದೆ ಅಚ್ಚಾಗಿ ಎಲ್ಲರ ಕೈಗೂ ಬಂದವು. ಈ ಕಾರ್ಯದಲ್ಲಿ ಉಡುಪಿಯ ಪಾವಂಜೆ ಗುರುರಾಯರ ಪ್ರಕಟನಾಲಯದ ಸೇವೆ ಸ್ಮರಣೀಯವಾದುದು. ರೂಢಿಯ ಪ್ರಸಂಗವೊಂದನ್ನು ತೆರೆದು ನೋಡಿದರೆ ಅದರಲ್ಲಿ ಕಾಣುವುದು ಪದ್ಯಗಳು ಮಾತ್ರ. ಪದ್ಯದ ತಲೆಯಲ್ಲಿ ರಾಗದ ಹೆಸರೂ ಏಕ, ಅಷ್ಟ, ಝಂಪೆ, ರೂಪಕ, ಆದಿ, ತ್ರಿವುಡೆಗಳೆಂಬ ತಾಳಗಳಲ್ಲೊಂದರ ಹೆಸರೂ ಇರುತ್ತವೆ. ನಡುನಡುವೆ ಭಾಮಿನಿ, ವಾರ್ಧಕ ಷಟ್ಪದಿಗಳೂ ಕಂದ, ದ್ವಿಪದಿಗಳೂ ಬರುತ್ತವೆ. ಪಾತ್ರಗಳು ಆಡಬೇಕಾದ ಮಾತು ಅಲ್ಲಿ ಬರೆದಿರುವುದಿಲ್ಲ. ಭಾಗವತನು ಪದ್ಯವನ್ನು ಹಾಡಿ ಮುಗಿಸಿದ ಮೇಲೆ ವೇಷಧಾರಿಯು ಅದರ ಭಾವವನ್ನು ಹಿಡಿದು ತನ್ನ ಸ್ವಂತ ಮಾತಿನಲ್ಲಿ ಬೆಳೆಯಿಸಬೇಕು. ಇದಕ್ಕೆ ‘ಅರ್ಥ’ವೆಂದು ಹೆಸರಿಟ್ಟಿರುವುದೇ ಪದ್ಯಕ್ಕೂ ಮಾತಿಗೂ ಇರುವ ಸಂಬಂಧವನ್ನು ಸಾರುತ್ತದೆ. ಪದ್ಯವು ಮೂಲ, ಮಾತು ಅದರ ವ್ಯಾಖ್ಯಾನ.

ಇದರಿಂದ ಫಲಿಸುವ ಸಂಗತಿ ಮಹತ್ತ್ವದ್ದು. ರಂಗದ ಮೇಲೆ ಇರುವವರಲ್ಲಿ ಗ್ರಂಥವನ್ನು ಬಲ್ಲವನು, ಅಂದರೆ ಕಥೆಯು ಮುಂದೆ ಎಲ್ಲಿಗೆ ಹೋಗಬೇಕೆಂಬುದನ್ನು ನಿಶ್ಚಯಿಸತಕ್ಕವನು, ಭಾಗವತನೊಬ್ಬನೇ. ಪ್ರಸಂಗದ ಪದ್ಯಗಳನ್ನೆಲ್ಲ ಒಂದು ರಾತ್ರಿಯಲ್ಲಿ ಹಾಡಿ ಮುಗಿಸಲೇಬೇಕೆಂಬ ನಿಯಮವಿಲ್ಲ. ಯಾವುದನ್ನು ಹಾಡಬೇಕು, ಯಾವುದನ್ನು ಬಿಡಬೇಕು, ಯಾವ ಸಾಲನ್ನು ಮತ್ತೆ ಮತ್ತೆ ಎತ್ತಬೇಕು ಎಂಬುದು ಅವನ ಅಧೀನ. ವೇಷಧಾರಿಯ ಕುಣಿತಕ್ಕೆ ಹುರುಪು ಬಂದರೆ ಅವನು ಸಾಲನ್ನು ಹಿಗ್ಗಿಸುವನು. ಹುರುಪು ಕುಂದಿದರೆ ಮುಕ್ತಾಯವನ್ನು ಬೇಗನೆ ತರುವನು. ಮಾತು ಮಿತಿಮೀರಿ ಬೆಳೆದು ಸಭೆ ತೂಕಡಿಸತೊಡಗಿದರೆ, ತಾಳವನ್ನೊಮ್ಮೆ ತಟ್ಟಿ ಮುಂದಿನ ಪದ್ಯವನ್ನು ಎತ್ತಿಬಿಡುವನು. ಆಗ ಎಂತಹ ಪ್ರಸಿದ್ಧ ವೇಷಧಾರಿಯಾದರೂ ಬಾಯಿ ಮುಚ್ಚಿ ಹೆಜ್ಜೆ ಹಾಕಲೇಬೇಕು. ‘ಭಾಗವತನೇ ಒಂದನೆಯ ವೇಷ’ ಎಂದು ಮೇಳದವರು ಆಡಿಕೊಳ್ಳುವ ಮಾತಿಗೆ ಇದೇ ಆಧಾರ. ಬಣ್ಣ ಹಚ್ಚದಿದ್ದರೂ ಅವನು ಆಟದ ಒಳಗೇ ಇರತಕ್ಕವನು. ಒಡ್ಡೋಲಗದಲ್ಲಿ ರಾಜನು ತನ್ನ ಹೆಸರು ಬಿರುದುಗಳನ್ನು ಹೇಳಿಕೊಳ್ಳುವುದು ಭಾಗವತನ ಪ್ರಶ್ನೆಗೆ ಉತ್ತರವಾಗಿ. ಹಾಸ್ಯಗಾರನು ತನ್ನ ಕಷ್ಟವನ್ನು ತೋಡಿಕೊಳ್ಳುವುದೂ ‘ಭಾಗವತರೇ’ ಎಂದು ಅವನನ್ನೇ ಕರೆದು. ಹೀಗೆ ಅವನು ಏಕಕಾಲದಲ್ಲಿ ಕಥೆಯನ್ನು ಹೇಳುವ ಗಾಯಕನೂ ಕಥೆಯೊಳಗಿನ ಪಾತ್ರಗಳ ಮಾತಿಗೆ ಜೊತೆಗಾರನೂ ಆಗಿದ್ದಾನೆ.

ಇಲ್ಲಿ ಒಂದು ಸೂಕ್ಷ್ಮವನ್ನು ಲಕ್ಷಿಸಬೇಕು. ಭಾಗವತನ ಪದ್ಯದಲ್ಲಿ ನುಡಿಗಳು ನಿಶ್ಚಿತವಾದುವು. ಕವಿಯು ಬರೆದಿಟ್ಟುದನ್ನು ಅವನು ಬದಲಿಸುವುದಿಲ್ಲ. ನಿಶ್ಚಿತವಲ್ಲದ್ದು ಕಾಲ. ಸಾಲೊಂದು ಎಷ್ಟು ಹೊತ್ತು ನಿಲ್ಲಬೇಕು, ಯಾವ ಕ್ಷಣದಲ್ಲಿ ವಿಳಂಬವು ದ್ರುತಕ್ಕೆ ಏರಬೇಕು ಎಂಬುದು ಆ ರಾತ್ರಿ, ಆ ಕ್ಷಣ, ಆ ವೇಷಧಾರಿಯ ಪಾದವನ್ನು ನೋಡಿ ತೀರ್ಮಾನವಾಗತಕ್ಕದ್ದು. ಮದ್ದಳೆಗಾರನು ಭಾಗವತನ ಮುಖವನ್ನೂ ಭಾಗವತನು ಕುಣಿಯುವವನ ಕಾಲನ್ನೂ ನೋಡುತ್ತಿರುವರು. ಕುಣಿಯುವವನ ಕಿವಿ ಇವರಿಬ್ಬರ ಮೇಲಿರುವುದು. ಆಟದ ಜೀವವು ಈ ಮೂರು ನೋಟಗಳ ಗಂಟಿನಲ್ಲಿದೆ.

೩

ಈ ಕಟ್ಟಡವು ಹೊನ್ನಾವರ ಸೀಮೆಯನ್ನು ಬಿಟ್ಟು ದೂರ ಪ್ರಯಾಣ ಮಾಡಿದ ಒಂದು ಪ್ರಸಂಗವು ಭಾರತದ ರಂಗಭೂಮಿಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ೧೮೪೨ರಲ್ಲಿ ಕರ್ಣಾಟಕದ ಭಾಗವತ ಮೇಳವೊಂದು ಸಾಂಗಲಿಗೆ ಹೋಗಿ ಅಲ್ಲಿಯ ಸಂಸ್ಥಾನಾಧಿಪತಿಯಾದ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವನ್ನಾಡಿತು. ಅದು ಉತ್ತರ ಕನ್ನಡದ ಮೇಳವೆಂಬುದು ಪ್ರಚಲಿತವಾದ ಅಭಿಪ್ರಾಯ. ಹೊನ್ನಾವರದ ಬಳಿಯ ಕರ್ಕಿಯ ಮೇಳವೇ ಅದು ಎಂದು ಹೇಳುವ ಕನ್ನಡ ವಿದ್ವಾಂಸರೂ ಉಂಟು. ಆಟವನ್ನು ಮೆಚ್ಚಿದ ಅರಸರು ಅಂತಹುದನ್ನೇ ಮರಾಠಿಯಲ್ಲಿ ಕಟ್ಟಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಆಜ್ಞಾಪಿಸಿದರು. ಭಾವೆಯವರ ‘ಸೀತಾ ಸ್ವಯಂವರ’ವು ೧೮೪೩ರಲ್ಲಿ ಪ್ರಯೋಗವಾಯಿತು. ಮರಾಠಿಗರು ಅದನ್ನು ತಮ್ಮ ರಂಗಭೂಮಿಯ ಆರಂಭವೆಂದೆಣಿಸಿ ನವೆಂಬರ್ ೫ನ್ನು ರಂಗಭೂಮಿ ದಿನವಾಗಿ ಆಚರಿಸುತ್ತಾರೆ.

ಆ ಕಾಲದ ರಾಜ್ಯವಿಭಾಗವನ್ನು ನೆನೆದರೆ ಈ ಪ್ರಯಾಣದ ಸ್ವರೂಪವು ಇನ್ನಷ್ಟು ಸ್ಪಷ್ಟವಾಗುತ್ತದೆ. ೧೮೪೨ರಲ್ಲಿ ಕನ್ನಡ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಅದರ ಉತ್ತರ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿದುದು ೧೮೬೨ರಲ್ಲಿ. ಅಂದರೆ ಮೇಳದವರು ಕೇವಲ ಘಟ್ಟವನ್ನಲ್ಲ, ಒಂದು ಆಳಿಕೆಯ ಎಲ್ಲೆಯನ್ನೂ ಒಂದು ಭಾಷೆಯ ಎಲ್ಲೆಯನ್ನೂ ದಾಟಿ ಹೋಗಿದ್ದರು. ಕೃಷ್ಣಾತೀರದ ಸಾಂಗಲಿಯಲ್ಲಿ ಕನ್ನಡವನ್ನು ಬಲ್ಲವರು ಇದ್ದಿರಬೇಕಾದರೂ, ಅರಸರ ಮನಸ್ಸನ್ನು ಸೆಳೆದುದು ಮಾತಿನ ಚಾತುರ್ಯಕ್ಕಿಂತ ಹೆಚ್ಚಾಗಿ ಆಟದ ವಿಧಾನವೇ ಆಗಿರಬೇಕೆಂದು ಊಹಿಸಲು ಭಾವೆಯವರ ನಾಟಕಗಳ ರಚನೆಯೇ ಸಾಕ್ಷಿ.

ಏಕೆಂದರೆ ಭಾವೆಯವರು ಎರವಲಾಗಿ ಪಡೆದುದು ಆ ವಿಧಾನವನ್ನೇ. ಅವರ ನಾಟಕಗಳಲ್ಲಿ ಆರಂಭಕ್ಕೆ ಗಣಪತಿ ಸರಸ್ವತಿಯರ ಪ್ರವೇಶ, ಸೂತ್ರಧಾರನಿಗೂ ವಿದೂಷಕನಿಗೂ ನಡೆಯುವ ವಿನೋದದ ಸಂವಾದ, ಬಳಿಕ ಕಥೆ. ಆದ್ಯಂತವಾಗಿ ಪದಗಳನ್ನು ಹಾಡುತ್ತಿದ್ದವನು ಸೂತ್ರಧಾರ. ಪಾತ್ರಧಾರಿಗಳು ಪದದ ಸಂದರ್ಭವನ್ನು ಹಿಡಿದು ಸಮಯೋಚಿತವಾಗಿ ಮಾತನಾಡುತ್ತಿದ್ದರು. ಮುಂದೆ ಅಚ್ಚಾದ ಭಾವೆಯವರ ‘ನಾಟ್ಯಕವಿತಾಸಂಗ್ರಹ’ವು ಹೆಸರಿಗೆ ತಕ್ಕಂತೆ ಪದಗಳ ಸಂಗ್ರಹ, ನಮ್ಮ ಪ್ರಸಂಗದ ಹೊತ್ತಗೆಯಂತೆಯೇ ಅದರಲ್ಲಿಯೂ ಹಾಡು ಉಳಿದಿದೆ, ಆಡಿದ ಮಾತು ಆಡಿದ ರಾತ್ರಿಯೊಡನೆ ಹೋಗಿದೆ. ಭಾಗವತನಿಗೆ ಸಾಂಗಲಿಯಲ್ಲಿ ಸೂತ್ರಧಾರನೆಂಬ ಹೆಸರಾಯಿತು, ಅಷ್ಟೆ.

ಆದರೆ ಕಥೆಯು ಇಲ್ಲಿಗೆ ಮುಗಿಯುವುದಿಲ್ಲ. ೧೮೮೦ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದರು. ಅದರಲ್ಲಿ ಪಾತ್ರಧಾರಿಗಳು ತಮ್ಮ ಹಾಡುಗಳನ್ನು ತಾವೇ ಹಾಡಿದರು, ಮಾತು ಬರೆದುದಾಯಿತು, ಸೂತ್ರಧಾರನು ನಾಂದಿಯನ್ನು ಮುಗಿಸಿ ರಂಗದಿಂದ ಸರಿದನು. ಈ ಒಂದು ಬದಲಾವಣೆಯಿಂದ ಮರಾಠಿ ಸಂಗೀತ ನಾಟಕವೆಂಬ ಹೊಸ ಕಲೆಯು ಹುಟ್ಟಿತು. ಬಾಲಗಂಧರ್ವರಂತಹ ಗಾಯಕನಟರು ಅದನ್ನು ಉನ್ನತಿಗೇರಿಸಿದರು. ಅದರ ಹಿರಿಮೆಯನ್ನು ಅಲ್ಲಗಳೆಯಲಾಗದು. ಆದರೆ ಅದು ಬಯಲಾಟವಲ್ಲ. ಒಂದೇ ಬೇರಿನಿಂದ ಒಡೆದ ಎರಡು ಕವಲುಗಳಲ್ಲಿ ಒಂದು ಹಾಡುಗಾರನನ್ನು ಉಳಿಸಿಕೊಂಡಿತು, ಇನ್ನೊಂದು ಅವನನ್ನು ಬಿಟ್ಟಿತು. ಬಿಟ್ಟ ಕೂಡಲೆ ಅದಕ್ಕೆ ಬರೆದ ಮಾತು ಬೇಕಾಯಿತು. ಇದು ಕಾಕತಾಳೀಯವೆಂದು ತೋರುವುದಿಲ್ಲ. ಕಥೆಯ ದಾರಿಯನ್ನು ಕಾಯುವ ಹಾಡುಗಾರನು ಹಿಂದೆ ಇದ್ದಾಗಲೇ ಮುಂದಿರುವ ನಟನು ಮಾತಿನಲ್ಲಿ ಸ್ವತಂತ್ರನಾಗಿರಬಲ್ಲನು. ಕಾಯುವವನು ಹೋದ ಮೇಲೆ ದಾರಿಯನ್ನು ಕಾಗದದ ಮೇಲೆ ಬರೆದಿಡದೆ ಗತ್ಯಂತರವಿಲ್ಲ.

೪

ಇನ್ನು ವೇಷವನ್ನು ಕಳೆದ ಪ್ರಯೋಗ. ತಾಳಮದ್ದಳೆಯಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಮನೆಯ ಜಗುಲಿಯಲ್ಲಿಯೋ ದೇವಾಲಯದ ಪ್ರಾಂಗಣದಲ್ಲಿಯೋ ಅರ್ಥಧಾರಿಗಳು ಎದುರುಬದುರಾಗಿ ಕುಳಿತುಕೊಳ್ಳುವರು. ಭಾಗವತನು ಪದ್ಯವನ್ನು ಹಾಡುವನು. ಮದ್ದಳೆ ಚಂಡೆಗಳು ನುಡಿಯುವುವು. ಬಳಿಕ ಕೃಷ್ಣನೂ ಕೌರವನೂ, ರಾಮನೂ ವಾಲಿಯೂ ಉಟ್ಟ ಪಂಚೆ ಹೊದೆದ ಶಲ್ಯಗಳಲ್ಲಿಯೇ ವಾದಕ್ಕೆ ನಿಲ್ಲುವರು. ಮಳೆಗಾಲದಲ್ಲಿ ಬಯಲಿನ ಆಟಕ್ಕೆ ಆಸ್ಪದವಿಲ್ಲದ ಕರಾವಳಿಗೆ ಇದು ಒದಗಿ ಬಂದ ರೂಪ. ತಾಳಮದ್ದಳೆಯೆಂಬ ಹೆಸರು ಹಳೆಯದು. ಬಳ್ಳಾರಿ ಸೀಮೆಯ ಕುರುಗೋಡಿನ ಕಡೆಯ ೧೫೫೬ರ ಶಾಸನದಲ್ಲಿ ತಾಳಮದ್ದಳೆಯವರಿಗೆ ದತ್ತಿಯನ್ನು ಬಿಟ್ಟ ಉಲ್ಲೇಖವಿರುವುದನ್ನು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಅಂದಿನ ತಾಳಮದ್ದಳೆಯು ಇಂದಿನದರಂತೆಯೇ ಇದ್ದಿತೆಂದು ಆ ಒಂದು ಮಾತಿನಿಂದ ಸಾಧಿಸಲಾಗದು. ಆದರೆ ಆ ಹೆಸರಿನಲ್ಲಿ ಉಳಿದಿರುವುದು ಭಾಗವತನ ತಾಳ ಮತ್ತು ಅವನ ಜೊತೆಗಾರನ ಮದ್ದಳೆ ಎಂಬುದು ಗಮನಾರ್ಹ. ವೇಷವು ಹೋದರೂ ಕಲೆಯು ಉಳಿಯಿತು. ಅದನ್ನು ಉಳಿಸಿದವರ ವಾದ್ಯಗಳೇ ಅದಕ್ಕೆ ಹೆಸರಾದುವು.

ಮಾತನ್ನು ಕಳೆದ ಪ್ರಯೋಗವು ಇಪ್ಪತ್ತನೆಯ ಶತಮಾನದ್ದು. ಕೋಟದ ಶಿವರಾಮ ಕಾರಂತರು ಬಯಲಾಟವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರಲ್ಲಿ ಅಗ್ರಗಣ್ಯರು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಕನ್ನಡವನ್ನು ಅರಿಯದ ಪ್ರೇಕ್ಷಕರಿಗೂ ಈ ಕಲೆಯು ಮುಟ್ಟಬೇಕೆಂಬ ಉದ್ದೇಶದಿಂದ ಅವರು ಮಾತನ್ನು ತೆಗೆದುಹಾಕಿ, ಹಾಡು ಮತ್ತು ನೃತ್ಯಗಳಿಂದಲೇ ಕಥೆಯನ್ನು ನಡೆಯಿಸುವ ನೃತ್ಯನಾಟಕಗಳನ್ನು ರಚಿಸಿದರು. ಪಿಟೀಲು, ಸ್ಯಾಕ್ಸೊಫೋನುಗಳನ್ನು ಹಿಮ್ಮೇಳಕ್ಕೆ ಸೇರಿಸಿದರು. ಈ ಮಾರ್ಪಾಡನ್ನು ಮೆಚ್ಚಿದವರೂ ಇದ್ದರು, ಆಕ್ಷೇಪಿಸಿದವರೂ ಇದ್ದರು. ಆದರೆ ಆ ಪ್ರಯೋಗದಲ್ಲಿಯೂ ಭಾಗವತನ ಹಾಡನ್ನು ತೆಗೆಯುವ ಪ್ರಶ್ನೆಯೇ ಏಳಲಿಲ್ಲ. ಮಾತು ಹೋದಷ್ಟೂ ಹಾಡಿನ ಹೊರೆ ಹೆಚ್ಚಿತು.

ಹೀಗೆ ವೇಷವಿಲ್ಲದೆ ತಾಳಮದ್ದಳೆಯೂ ಮಾತಿಲ್ಲದೆ ನೃತ್ಯರೂಪಕವೂ ಯಕ್ಷಗಾನವೆನಿಸಿಕೊಂಡವು. ಭಾಗವತನಿಲ್ಲದೆ ನಿಂತ ಸಂಗೀತ ನಾಟಕವು ಬೇರೆ ಹೆಸರನ್ನು ಪಡೆಯಿತು. ಮೊದಲು ಕೇಳಿದ ಪ್ರಶ್ನೆಗೆ ಇತಿಹಾಸವು ಕೊಡುವ ಉತ್ತರವಿದು.

೫

ಭಾಗವತನು ಉಳಿದನೆಂದ ಮಾತ್ರಕ್ಕೆ ಅವನ ಅಧಿಕಾರವು ಕುಂದದೆ ಉಳಿಯಿತೆಂದು ಭಾವಿಸಲಾಗದು. ಕಳೆದ ನೂರು ವರ್ಷಗಳಲ್ಲಿ ಅವನ ಸುತ್ತಣ ಸಾಮಗ್ರಿಗಳೆಲ್ಲವೂ ಬದಲಾಗಿವೆ. ದೀವಟಿಗೆಯ ಬೆಳಕು ಹೋಗಿ ಗ್ಯಾಸ್ ದೀಪವೂ ಅದು ಹೋಗಿ ವಿದ್ಯುದ್ದೀಪವೂ ಬಂದವು. ಶ್ರುತಿಗೆ ಹಿಂದೆ ಇದ್ದ ಪುಂಗಿಯ ಸ್ಥಾನವನ್ನು ಹಾರ್ಮೋನಿಯಂ ಹಿಡಿಯಿತು. ಈಗ ವಿದ್ಯುತ್ತಿನ ಶ್ರುತಿಪೆಟ್ಟಿಗೆಯೂ ಬಂದಿದೆ. ಬಯಲಿನ ಕೊನೆಯ ಸಾಲಿಗೆ ಕೇಳಿಸುವಂತೆ ತಾರಸ್ಥಾಯಿಯಲ್ಲಿ ಹಾಡಬೇಕಾಗಿದ್ದ ಕಂಠಕ್ಕೆ ಧ್ವನಿವರ್ಧಕವು ಸಹಾಯಕ್ಕೆ ಬಂದಿತು. ಅದರಿಂದ ಮಂದ್ರದ ಸ್ವರಗಳಿಗೂ ರಾಗದ ನಯಕ್ಕೂ ಅವಕಾಶವು ದೊರೆಯಿತೆಂಬುದು ಲಾಭ. ಕಂಠವನ್ನು ಬಯಲಿಗೆ ಹದಮಾಡುವ ಹಳೆಯ ಸಾಧನೆಯು ಅನಾವಶ್ಯಕವೆನಿಸಿತೆಂಬುದು ನಷ್ಟ.

ಧ್ವನಿಮುದ್ರಿಕೆಯ ಪ್ರಭಾವವು ಇದಕ್ಕಿಂತ ಆಳವಾದುದು. ಗುಂಡ್ಮಿಯ ಕಾಳಿಂಗ ನಾವಡರು (೧೯೫೮-೧೯೯೦) ಸಾಲಿಗ್ರಾಮ ಮೇಳದಲ್ಲಿ ಹಾಡಿ ಬಡಗುತಿಟ್ಟಿನ ಗಾನದಲ್ಲಿ ಹೊಸ ರಾಗಗಳನ್ನೂ ಹೊಸ ಶೈಲಿಯನ್ನೂ ಬಳಕೆಗೆ ತಂದರು. ಅಲ್ಪಾಯುಷಿಗಳಾದ ಅವರ ಹಾಡು ಕ್ಯಾಸೆಟ್ಟುಗಳ ಮೂಲಕ ಅವರು ಕಾಣದ ಊರುಗಳಿಗೂ ತಲಪಿತು. ಹಾಡಿನ ಒಂದು ರೂಪವು ಹೀಗೆ ಸ್ಥಿರವಾದ ಬಳಿಕ, ಕೇಳುವವರು ಅದೇ ಪದ್ಯವನ್ನು ಅದೇ ರಾಗದಲ್ಲಿ ಅಷ್ಟೇ ಎಳೆದು ಹಾಡಬೇಕೆಂದು ಬಯಸುವುದು ಸ್ವಾಭಾವಿಕ. ಭಾಗವತನ ಹಾಡು ವೇಷಧಾರಿಯ ಪಾದವನ್ನು ನೋಡಿ ಹುಟ್ಟುವ ಬದಲು ಕೇಳುಗನ ನೆನಪನ್ನು ನೋಡಿ ಹುಟ್ಟುವ ಅಪಾಯವು ಇಲ್ಲಿಂದ ಮೊದಲಾಗುತ್ತದೆ.

ಹೊತ್ತಿನ ಮಿತಿಯು ಇನ್ನೊಂದು ಕಾರಣ. ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ತೆರೆದ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸುವ ಕೇಂದ್ರ ಸರಕಾರದ ನಿಯಮಗಳು ೨೦೦೦ದಲ್ಲಿ ಜಾರಿಗೆ ಬಂದವು. ಜನರ ಜೀವನಕ್ರಮವೂ ಬದಲಾಗಿ ಇಡೀ ರಾತ್ರಿ ಕುಳಿತು ನೋಡುವವರು ಕಡಮೆಯಾದರು. ಕಾಲಮಿತಿಯ ಆಟಗಳು ರೂಢಿಗೆ ಬಂದವು. ಇರುಳಿಡೀ ಹಾಡುವಾಗ ಮೊದಲ ಜಾವದ ಪದ್ಯಗಳನ್ನು ‘ಸಂಗೀತಗಾರ’ನೆನಿಸಿದ ಕಿರಿಯ ಭಾಗವತನಿಗೆ ವಹಿಸುವ ಪದ್ಧತಿಯಿದ್ದಿತು, ಅದೇ ಅವನ ಪಾಠಶಾಲೆ. ಆಟವು ಮೂರು ಗಂಟೆಗೆ ಇಳಿದಾಗ ಪೂರ್ವರಂಗದ ಕೋಡಂಗಿ, ಬಾಲಗೋಪಾಲ ಮುಂತಾದ ಭಾಗಗಳು ಮೊದಲು ಕುಗ್ಗಿದವು. ಅವುಗಳೊಡನೆ ಕಲಿಯುವವನ ಹೊತ್ತೂ ಕುಗ್ಗಿತು. ೧೯೮೬ರಲ್ಲಿ ಗುಣವಂತೆಯಲ್ಲಿ ಶಂಭು ಹೆಗಡೆಯವರು ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ಸ್ಥಾಪಿಸಿದುದರ ಔಚಿತ್ಯವು ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ. ರಂಗದಲ್ಲಿ ದೊರೆಯದ ಶಿಕ್ಷಣವನ್ನು ಶಾಲೆಯಲ್ಲಿ ಒದಗಿಸಬೇಕಾದ ಕಾಲವು ಬಂದಿದ್ದಿತು.

ಆದರೂ ಸಂಪ್ರದಾಯದ ತಂತು ಹರಿಯಲಿಲ್ಲ. ಕೆರೆಮನೆಯ ಮಂಡಳಿಯಲ್ಲಿ ದಶಕಗಳ ಕಾಲ ಹಾಡಿ ೨೦೧೯ರಲ್ಲಿ ದಿವಂಗತರಾದ ನೆಬ್ಬೂರು ನಾರಾಯಣ ಭಾಗವತರು ಶಿವರಾಮ ಹೆಗಡೆ, ಶಂಭು ಹೆಗಡೆ, ಶಿವಾನಂದ ಹೆಗಡೆ ಎಂಬ ಮೂರು ತಲೆಮಾರುಗಳ ವೇಷಗಳಿಗೆ ಹಾಡಿದವರು. ತಂದೆ, ಮಗ, ಮೊಮ್ಮಗ ಒಂದೇ ಕಂಠಕ್ಕೆ ಕುಣಿದ ಈ ನಿದರ್ಶನವನ್ನು ನೋಡಿದರೆ, ಮೇಳದ ಸ್ಮೃತಿಯು ವೇಷಧಾರಿಗಳಿಗಿಂತ ಹೆಚ್ಚಾಗಿ ಭಾಗವತನಲ್ಲಿಯೇ ನೆಲಸಿರುತ್ತದೆಯೆಂದು ಹೇಳಬೇಕಾಗುತ್ತದೆ.

೬

೨೦೨೦ನೆಯ ಮಾರ್ಚಿ ೨೫ರಿಂದ ಸಾಂಕ್ರಾಮಿಕ ರೋಗದ ನಿಮಿತ್ತವಾಗಿ ದೇಶಾದ್ಯಂತ ನಿರ್ಬಂಧವು ಜಾರಿಯಾದಾಗ ಮೇಳಗಳ ತಿರುಗಾಟವು ನಡುವೆಯೇ ನಿಂತಿತು. ಮುಂದಿನ ತಿಂಗಳುಗಳಲ್ಲಿ ಆಟಗಳನ್ನೂ ತಾಳಮದ್ದಳೆಗಳನ್ನೂ ಅಂತರಜಾಲದ ಮೂಲಕ ನೇರವಾಗಿ ಬಿತ್ತರಿಸುವ ಯತ್ನಗಳು ನಡೆದವು. ಎದುರಿನ ಸಭೆಯನ್ನು ಕಳೆದ ಪ್ರಯೋಗವೆಂದರೆ ಇದೇ. ಪರವೂರಿನಲ್ಲಿಯೂ ಪರದೇಶದಲ್ಲಿಯೂ ನೆಲಸಿದ ಕರಾವಳಿಯವರು ತಮ್ಮ ಮನೆಗಳಲ್ಲಿಯೇ ಭಾಗವತನ ಹಾಡನ್ನು ಹಾಡಿದ ಹೊತ್ತಿಗೇ ಕೇಳಿದರು.

ಇಲ್ಲಿ ಯಂತ್ರವು ಒಂದು ಸತ್ಯವನ್ನು ಹೊರಗೆಡಹಿತು. ಪ್ರೇಕ್ಷಕರು ಎಷ್ಟು ದೂರದಲ್ಲಿದ್ದರೂ ಆಟ ನಡೆಯಬಲ್ಲದು. ಆದರೆ ಹಿಮ್ಮೇಳ ಮುಮ್ಮೇಳಗಳು ಒಂದೇ ಸ್ಥಳದಲ್ಲಿ ಕೂಡಿರಲೇಬೇಕು. ಹದಿನೈದು ಅಡಿಗಳ ರಂಗಸ್ಥಳದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಾದವು ಹೋಗಲು ಸೆಕೆಂಡಿನ ಸಾವಿರದಲ್ಲಿ ಹೆಚ್ಚು ಕಡಮೆ ೧೩ ಪಾಲು ಸಾಕು. ಈ ವಿಳಂಬವು ೨೫-೩೦ ಪಾಲುಗಳನ್ನು ಮೀರಿದರೆ ಕೂಡಿ ನುಡಿಸುವವರ ಲಯವು ಸಡಿಲವಾಗತೊಡಗುವುದೆಂದು ನಾದಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಅಂತರಜಾಲದ ಸಾಮಾನ್ಯ ಸಂಭಾಷಣೆಯಲ್ಲಿ ವಿಳಂಬವು ಇದರ ಹಲವು ಪಟ್ಟು. ಆದುದರಿಂದ ದೂರದಲ್ಲಿರುವ ಅರ್ಥಧಾರಿಯು ತನ್ನ ಸರದಿಗೆ ಮಾತನಾಡಬಹುದು. ದೂರದಲ್ಲಿರುವ ಮದ್ದಳೆಗಾರನು ಭಾಗವತನ ತಾಳಕ್ಕೆ ಪೆಟ್ಟನ್ನು ಕೂಡಿಸಲಾರನು. ಮಾತು ಕಾಯಬಲ್ಲದು, ಲಯವು ಕಾಯಲಾರದು.

ಇದೇ ತೊಡಕನ್ನು ಪಶ್ಚಿಮದೇಶಗಳ ಒಂದು ನವೀನ ವಿನೋದವು ಬೇರೆ ಬಗೆಯಲ್ಲಿ ಪರಿಹರಿಸಿಕೊಂಡಿರುವುದನ್ನು ಇಲ್ಲಿ ಹೋಲಿಕೆಗಾಗಿ ನೋಡಬಹುದು. ಅಂತರಜಾಲದಲ್ಲಿ ಸಹಸ್ರಾರು ಜನರು ಏಕಕಾಲದಲ್ಲಿ ಒಂದು ಕಲ್ಪಿತ ಲೋಕವನ್ನು ಹೊಕ್ಕು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ಧರಿಸಿ ವ್ಯವಹರಿಸುವ ಆಟಗಳುಂಟು. ಆಂಗ್ಲ ಲೇಖಕ ಟೋಲ್ಕಿನ್ನರ ಕಥಾಲೋಕವನ್ನು ಆಧರಿಸಿ ೨೦೦೭ರಲ್ಲಿ ಆರಂಭವಾದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್ ಆನ್‌ಲೈನ್’ ಅವುಗಳಲ್ಲೊಂದು. ಅದರಲ್ಲಿ ಗಾಯಕರ ಪಾತ್ರವುಂಟು. ವೀಣೆಯನ್ನು ಹೋಲುವ ಲ್ಯೂಟ್, ಹಾರ್ಪ್, ಕೊಳಲು, ಭೇರಿ ಮುಂತಾದ ವಾದ್ಯಗಳನ್ನು ಪಾತ್ರಧಾರಿಗಳು ನುಡಿಸಬಹುದು. ಹಲವರು ಕೂಡಿ ಮೇಳಗಳನ್ನು ಕಟ್ಟಿಕೊಂಡು ಕಚೇರಿಗಳನ್ನು ನಡೆಯಿಸುತ್ತಾರೆ. ೨೦೦೯ರಿಂದ ಆ ಲೋಕದ ವೆದರ್‌ಟಾಪ್ ಎಂಬ ಬೆಟ್ಟದ ಮೇಲೆ ‘ವೆದರ್‌ಸ್ಟಾಕ್’ ಎಂಬ ವಾರ್ಷಿಕ ಸಂಗೀತೋತ್ಸವವು ಏರ್ಪಟ್ಟಿತು. ನುಡಿಸುವವರು ಬೇರೆ ಬೇರೆ ದೇಶಗಳಲ್ಲಿರಬಹುದು, ಕೇಳುವವರೂ ಹಾಗೆಯೇ.

ದೂರದ ವಿಳಂಬವನ್ನು ಅವರು ಗೆದ್ದ ಬಗೆ ಹೀಗೆ. ಸ್ವರಗಳನ್ನು ‘ಎಬಿಸಿ’ ಎಂಬ ಅಕ್ಷರಲಿಪಿಯಲ್ಲಿ ಮೊದಲೇ ಬರೆದಿಟ್ಟುಕೊಂಡಿರುವರು. ಮೇಳದವರೆಲ್ಲರೂ ತಮ್ಮ ತಮ್ಮ ಪಾಲಿನ ಬರಹವನ್ನು ಸಿದ್ಧವಾಗಿಟ್ಟ ಬಳಿಕ ಒಬ್ಬನು ಆಜ್ಞೆಯನ್ನು ಕೊಟ್ಟರೆ ಎಲ್ಲರ ವಾದ್ಯಗಳೂ ಒಮ್ಮೆಗೆ ಮೊದಲಾಗುವುವು. ಮುಂದೆ ಲಯವನ್ನು ಕಾಯುವುದು ಯಂತ್ರ. ಒಬ್ಬನೇ ಕುಳಿತು ಕೀಲಿಮಣೆಯಿಂದ ಸ್ವರಗಳನ್ನು ನೇರವಾಗಿ ನುಡಿಸಲು ಅಲ್ಲಿ ಅಡ್ಡಿಯಿಲ್ಲ. ಹಲವರು ಕೂಡಬೇಕಾದಾಗ ಬರಹವೇ ಗತಿ. ಹಾಗಾದರೆ ಅದರಲ್ಲಿ ಆ ಕ್ಷಣದ್ದು ಯಾವುದು? ಕೂಡಿದ ಜನ, ಅವರ ಮೆಚ್ಚಿಕೆ, ಪಾತ್ರದಲ್ಲಿದ್ದು ಅವರು ಆಡುವ ಮಾತು. ಬರೆದಿಟ್ಟುದು ಕಾಲ, ಬರೆಯದೆ ಬಿಟ್ಟುದು ಮಾತು. ಬಯಲಾಟದಲ್ಲಿಯೂ ಮಾತು ಬರೆದುದಲ್ಲ. ಆದರೆ ಅಲ್ಲಿ ಕಾಲವೂ ಬರೆದುದಲ್ಲ. ಇದೇ ಎರಡಕ್ಕೂ ಇರುವ ಅಂತರ.

ಈ ಹೋಲಿಕೆಯನ್ನು ತಿರಸ್ಕಾರಕ್ಕಾಗಿ ಮಾಡಬೇಕಾಗಿಲ್ಲ. ದೂರದೂರದ ಅಪರಿಚಿತರು ಪಾತ್ರಗಳನ್ನು ಧರಿಸಿ ಒಂದೆಡೆ ಸೇರಿದೊಡನೆ ತಮ್ಮ ನಡುವೆ ಒಬ್ಬ ಹಾಡುಗಾರನು ಬೇಕೆಂದು ಬಯಸಿದುದು ಮನುಷ್ಯಸ್ವಭಾವದ ಒಂದು ಗುಣವನ್ನು ಸೂಚಿಸುತ್ತದೆ. ಕರ್ಕಿಯ ಬಯಲಿನಲ್ಲಿ ಕೂಡಿದವರ ಬಯಕೆಯೂ ಅದೇ ಆಗಿದ್ದಿತು.

೭

ಮೇಲಿನ ವಿಚಾರದಿಂದ ತಿಳಿದುಬರುವುದಿಷ್ಟು. ಹೊನ್ನಾವರ-ಕುಮಟಾ ಸೀಮೆಯ ಬಯಲಾಟದಲ್ಲಿ ಭಾಗವತನು ಹಿನ್ನೆಲೆಯ ಗಾಯಕನಲ್ಲ; ಕಥೆಯ ಗ್ರಂಥವನ್ನೂ ರಂಗದ ಕಾಲವನ್ನೂ ಒಂದೇ ಕೈಯಲ್ಲಿ ಹಿಡಿದವನು. ಅವನು ಹಿಂದೆ ನಿಂತುದರಿಂದಲೇ ವೇಷಧಾರಿಗೆ ಮಾತಿನ ಸ್ವಾತಂತ್ರ್ಯವು ದೊರೆಯಿತು. ೧೮೪೨ರ ಮೇಳವು ಸಾಂಗಲಿಗೆ ಕೊಂಡೊಯ್ದುದು ಈ ವ್ಯವಸ್ಥೆಯನ್ನು; ೧೮೮೦ರಲ್ಲಿ ಮರಾಠಿ ರಂಗವು ಕೈಬಿಟ್ಟುದೂ ಇದನ್ನೇ. ವೇಷ, ಮಾತು, ಎದುರಿನ ಸಭೆ, ಇವುಗಳಲ್ಲಿ ಒಂದೊಂದನ್ನು ಒಂದೊಂದು ಕಾಲದಲ್ಲಿ ಕಳೆದುಕೊಂಡರೂ ಆಟವು ಬದುಕಿದೆ.

ಆದಕಾರಣ ಈ ಕಲೆಯನ್ನು ಉಳಿಸಬೇಕೆನ್ನುವವರು ಯಾವುದನ್ನು ಉಳಿಸಬೇಕೆಂಬುದರಲ್ಲಿ ಎಚ್ಚರ ವಹಿಸಬೇಕಾಗಿದೆ. ಪದ್ಯವನ್ನು ಅಚ್ಚು ಕಾಪಾಡಿದೆ. ಕಂಠವನ್ನು ಧ್ವನಿಮುದ್ರಿಕೆಯು ಕಾಪಾಡುತ್ತದೆ. ಕುಣಿತವನ್ನು ಚಲಚ್ಚಿತ್ರವು ಕಾಪಾಡಬಲ್ಲದು. ಕುಣಿಯುವವನ ಪಾದವನ್ನು ನೋಡಿ ಆ ಕ್ಷಣದಲ್ಲಿ ಸಾಲನ್ನು ಹಿಗ್ಗಿಸುವ ಅಥವಾ ಮುಗಿಸುವ ತೀರ್ಮಾನವನ್ನು ಮಾತ್ರ ಯಾವ ಯಂತ್ರದಲ್ಲಿಯೂ ಸಂಗ್ರಹಿಸಿಡಲಾಗದು. ಅದು ಹಿರಿಯ ಭಾಗವತನ ಪಕ್ಕದಲ್ಲಿ ಕುಳಿತು, ಮೊದಲ ಜಾವದ ಪದ್ಯಗಳನ್ನು ಹಾಡಿ, ತಪ್ಪಿ, ತಿದ್ದಿಕೊಂಡು ಕಲಿಯತಕ್ಕ ವಿದ್ಯೆ. ಕಾಲಮಿತಿಯ ಆಟದಲ್ಲಿಯೂ ಕಿರಿಯನಿಗೆ ಆ ಸ್ಥಳವನ್ನು ಬಿಟ್ಟುಕೊಡುವ ಮೇಳವು ತನ್ನ ಮುಂದಿನ ತಲೆಮಾರಿನ ಭಾಗವತನನ್ನು ಪಡೆಯುವುದು. ಬಿಟ್ಟುಕೊಡದಿದ್ದರೆ ಬಣ್ಣವೂ ಕಿರೀಟವೂ ಉಳಿದು, ಮುಂದಿನ ಪದ್ಯವನ್ನು ಎತ್ತುವವನೇ ಇಲ್ಲದಂತಾಗುವುದು.